ನೀಲಿ ಮುಚ್ಚಳದ ಟ್ಯೂಬಿನ ಕತೆ

ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬಳಸುವ ಟ್ಯೂಬಿಗೆ ಸಾಮಾನ್ಯವಾಗಿ ತಿಳಿನೀಲಿ ಮುಚ್ಚಳ, ತಳದಲ್ಲಿ ನೀರಿನಂಥ ಒಂಚೂರು ದ್ರವ. ಅದು ಸೋಡಿಯಂ ಸಿಟ್ರೇಟ್. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು, ಸಿಟ್ರೇಟ್ ಅದನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಟ್ಯೂಬು ಅರ್ಧವೇ ತುಂಬಿದರೆ ಸಿಟ್ರೇಟ್ ಜಾಸ್ತಿಯಾಗಿ, ಗಟ್ಟಿಮುಟ್ಟಾದವರ ರಿಪೋರ್ಟೂ ಕೆಟ್ಟದಾಗಿ ಬರಬಹುದು. ಹಾಗಾಗಿ ಇನ್ನೊಂದ್ಸಲ ರಕ್ತ ಕೊಡಿ ಅಂದರೆ ರೇಗಬೇಡಿ.

ಲ್ಯಾಬಿನಲ್ಲಿ ಟ್ಯೂಬನ್ನು ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ಪ್ಲಾಸ್ಮಾ ತೆಗೆದುಕೊಂಡು, ಕ್ಯಾಲ್ಸಿಯಂ ವಾಪಸ್ ಸೇರಿಸಿ, ಹೆಪ್ಪುಗಟ್ಟಲು ಚಾಲನೆ ಕೊಡುವ ರಾಸಾಯನಿಕ ಹಾಕಿ ಸೆಕೆಂಡ್ ಎಣಿಸುತ್ತಾರೆ. ಇಂಥ ಮುಖ್ಯ ಪರೀಕ್ಷೆಗಳು ಎರಡು, ಪಿಟಿ ಮತ್ತು ಎಪಿಟಿಟಿ, ಚಾಲನೆ ಕೊಡುವ ರಾಸಾಯನಿಕ ಮಾತ್ರ ಬೇರೆ ಬೇರೆ. ಆರೋಗ್ಯವಂತರಿಗೆ ಪಿಟಿಯಲ್ಲಿ ಸುಮಾರು 11ರಿಂದ 13 ಸೆಕೆಂಡ್, ಎಪಿಟಿಟಿಯಲ್ಲಿ 25ರಿಂದ 35. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ.

ಎಪಿಟಿಟಿ 70 ಬಂತು ಅಂದುಕೊಳ್ಳಿ. ಏನೋ ಕೊರತೆಯಾ, ಇಲ್ಲ ಯಾವುದೋ ಅಡ್ಡಗಾಲು ಹಾಕ್ತಿದೆಯಾ? ಇದನ್ನು ಪತ್ತೆಮಾಡುವ ಉಪಾಯ ನನಗೆ ತುಂಬಾ ಇಷ್ಟ: ರೋಗಿಯ ಪ್ಲಾಸ್ಮಾಕ್ಕೆ ಅಷ್ಟೇ ಪ್ರಮಾಣದ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ಮತ್ತೆ ಎಣಿಸುವುದು. ಸಮಯ ಸರಿಹೋದರೆ ಕೊರತೆ, ಬೆರೆಸಿದ ಪ್ಲಾಸ್ಮಾ ಅದನ್ನು ತುಂಬಿಕೊಟ್ಟಿತು ಅಂತ. ಕಮ್ಮಿ ಇರುವುದು ಫ್ಯಾಕ್ಟರ್, ಅಂದರೆ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್: ರಕ್ತ ಬೇಗ ನಿಲ್ಲದ ಹಿಮೋಫಿಲಿಯಾ ಕಾಯಿಲೆಯಲ್ಲಿ, ಎ ಆಗಿದ್ದರೆ ಫ್ಯಾಕ್ಟರ್ 8, ಬಿ ಆಗಿದ್ದರೆ ಫ್ಯಾಕ್ಟರ್ 9. ಸರಿಹೋಗದಿದ್ದರೆ ಅಡ್ಡಿ ಮಾಡುವ ಪ್ರತಿಕಾಯ (ಆಂಟಿಬಾಡಿ) ಇರಬಹುದು. ಕೆಲವು ಪ್ರತಿಕಾಯ ನಿಧಾನಸ್ಥ, ಆಗ ಮಿಶ್ರಣವನ್ನು ಒಂದೆರಡು ಗಂಟೆ ಬೆಚ್ಚಗಿಟ್ಟು ಮತ್ತೆ ನೋಡಬೇಕು.

ತಮಾಷೆ ಇರುವುದು ಇಲ್ಲಿ. ಲೂಪಸ್ ಆಂಟಿಕೊಯಾಗುಲೆಂಟ್ ಅಂತೊಂದು ಪ್ರತಿಕಾಯವಿದೆ. ಹೆಸರೇ ಹೇಳುವಂತೆ ಟ್ಯೂಬಿನಲ್ಲಿ ಹೆಪ್ಪುಗಟ್ಟುವುದನ್ನು ತಡ ಮಾಡುತ್ತದೆ, ಆದರೆ ದೇಹದೊಳಗೆ ಮಾಡುವುದು ಉಲ್ಟಾ, ಬೇಡದ ಕಡೆ ರಕ್ತ ಹೆಪ್ಪುಗಟ್ಟಿಸುತ್ತದೆ! ಫ್ಯಾಕ್ಟರ್ 12 ಕಮ್ಮಿ ಇರುವವರದು ಇನ್ನೂ ವಿಚಿತ್ರ: ಎಪಿಟಿಟಿ ಸಿಕ್ಕಾಪಟ್ಟೆ ಉದ್ದ, ರಕ್ತಸ್ರಾವದ ತೊಂದರೆ ಮಾತ್ರ ಇಲ್ಲ. 1955ರಲ್ಲಿ ವರದಿಯಾದ ಮೊದಲ ರೋಗಿ ಜಾನ್ ಹೇಗ್‌ಮನ್ ಹಾಗೇ ಇದ್ದರು, ಕೊರತೆ ಗೊತ್ತಾಗಿದ್ದು ಆಪರೇಷನ್‌ಗೆ ಮುಂಚಿನ ಮಾಮೂಲಿ ಪರೀಕ್ಷೆಯಲ್ಲಿ.

ಇದರ ವಿರುದ್ಧವೂ ಉಂಟು. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ ಅದೇ ಹೆಸರಿನ, ರಕ್ತ ನಿಲ್ಲಿಸಲು ನೆರವಾಗುವ ಪ್ರೋಟೀನ್ ಕಮ್ಮಿ ಇರುತ್ತದೆ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದರೂ ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ಲೆಕ್ಕ ಮೂರೂ ಸರಿ ಇರಬಹುದು, ಮೂಗಿನಿಂದ ರಕ್ತ ಮಾತ್ರ ಆಗಾಗ ಸುರಿಯುತ್ತದೆ. ಆ ಪ್ರೋಟೀನನ್ನೇ ಬೇರೆಯಾಗಿ ಅಳೆಯಬೇಕು. ಅಳೆಯಬೇಕು ಅಂತ ಡಾಕ್ಟರಿಗೆ ಹೊಳೆಯುವುದು ರಿಪೋರ್ಟಿನಿಂದಲ್ಲ, ಹಲ್ಲು ಕೀಳಿಸಿದಾಗ ರಕ್ತ ಎಷ್ಟು ಹೊತ್ತು ಸೋರಿತು, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಅಂತ ಕೇಳಿದಾಗ.