ಸೈಕಲ್ ಸವಾರರಿಗೆ ಪಂಕ್ಚರ್ ಸಾಮಾನು ಬೇಕೆ?

ಪ್ರಶ್ನೆ: ದಿನವೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರು ಪಂಕ್ಚರ್ ಸಾಮಾನು ಜೊತೆಗಿಟ್ಟುಕೊಳ್ಳಬೇಕೆ? ಬೇಸಿಗೆಯಲ್ಲಿ ಗಾಳಿಯನ್ನೇ ಸ್ವಲ್ಪ ಕಡಿಮೆ ಹೊಡೆಸಿದರೆ ಸಾಲದೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬಳ್ಳಾರಿಯ ಕೌಲ್ ಬಜಾರಿನ ಸುತ್ತಲೇ ಓಡಾಡುವವರಿಗೆ ಅಗತ್ಯವಿಲ್ಲ. ಕೊಪ್ಪಳದಿಂದ ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಬೆಳಗಿನ ಪಾಳಿಗೆ ಹೊರಡುವವರಿಗೆ ಖಂಡಿತ ಬೇಕು, ಏಕೆಂದರೆ ಆ ಹೊತ್ತಿಗೆ ಪಂಕ್ಚರ್ ಅಂಗಡಿಯವರು ಇನ್ನೂ ಹಾಸಿಗೆ ಬಿಟ್ಟಿರುವುದಿಲ್ಲ. ಎರಡು ಲಿವರ್, ನಾಲ್ಕು ಪ್ಯಾಚ್, ಮರಳು ಕಾಗದದ ಒಂದು ತುಂಡು, ಕೈಪಂಪು ಮತ್ತು ಬಾಯಿ ಒಡೆಯದ ಸಲ್ಯೂಷನ್ ಟ್ಯೂಬು ಸಾಕು. ಬಾಯಿ ಒಡೆದದ್ದು ನಮ್ಮ ಸೆಕೆಗೆ ಬೇಗ ಒಣಗಿ, ಬೇಕಾದ ದಿನವೇ ಕೈಕೊಡುತ್ತದೆ. ಚಕ್ರ ಬಿಚ್ಚುವ ಕೆಲಸವೂ ಇಲ್ಲ. ಟೈರಿನ ಒಂದು ಅಂಚನ್ನು ಎಬ್ಬಿಸಿ ಟ್ಯೂಬನ್ನು ಹೊರಗೆಳೆದರೆ ಆಯಿತು.

ಎರಡನೆಯ ಪ್ರಶ್ನೆಗೆ ಎಷ್ಟು ಬೇಸಿಗೆಗಳಿಂದ ಉತ್ತರಿಸುತ್ತಿದ್ದೇನೋ ಲೆಕ್ಕವಿಟ್ಟಿಲ್ಲ. ಬಿಸಿಲಿಗೆ ಗಾಳಿ ಹಿಗ್ಗಿ ಟ್ಯೂಬು ಒಡೆಯುತ್ತದೆ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ಗಾಳಿ ಹಿಗ್ಗುವುದು ನಿಜ. ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. 27 ಡಿಗ್ರಿಯ ಮುಂಜಾನೆ 50 ಪೌಂಡ್ ಹೊಡೆಸಿದ ಟೈರಿನೊಳಗಿನ ಗಾಳಿ ಮಧ್ಯಾಹ್ನ 57 ಡಿಗ್ರಿಗೆ ಕಾದರೆ, ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಏರುವುದು ಸುಮಾರು ಆರೂವರೆ ಪೌಂಡ್. ಗಟ್ಟಿಯಾದ ಟೈರಿಗೆ ಅದು ಒಂದು ಭಾರವೇ ಅಲ್ಲ. ಗಾಳಿ ಕಡಿಮೆಯಿದ್ದಾಗಲೇ ನಿಜವಾದ ಕಷ್ಟ: ಗುಂಡಿಗೆ ಬಿದ್ದೊಡನೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಚಿವುಟಿದಂತಾಗುತ್ತದೆ. ಅಂಗಡಿಯವನು ಅದನ್ನು ನೀರಿನ ಬೋಗುಣಿಯಲ್ಲಿ ಅದ್ದಿದಾಗ ಅಕ್ಕಪಕ್ಕದಲ್ಲೇ ಎರಡು ಕಡೆ ಗುಳ್ಳೆ ಎದ್ದರೆ, ಆ ತೂತುಗಳನ್ನು ಮಾಡಿದವರು ಗಾಳಿ ಕಡಿಮೆ ಹೊಡೆಸಿದವರೇ. ಇನ್ನು ಮೆತ್ತಗಾದ ಟೈರು ಅಗಲವಾಗಿ ಹರಡಿಕೊಂಡು ನೆಲವನ್ನು ಹೆಚ್ಚು ಸವರುತ್ತದೆ. ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲಕ್ಕೆ ಚಾಚಿಕೊಂಡೇ ಇರುವ ನೆಗ್ಗಿಲ ಮುಳ್ಳಿಗೂ, ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಗೂ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಪ್ಯಾಚ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ತಡವಿ ಆ ಮೊನೆಯನ್ನು ಕೀಳಬೇಕು. ಇದನ್ನು ಮರೆತು ನಾನೇ ಒಂದೇ ದಿನ ಎರಡು ಪ್ಯಾಚ್ ಹಾಳು ಮಾಡಿದ್ದೇನೆ.

ಹಾಗಾದರೆ ಬಿಸಿಲಲ್ಲಿ ನಿಲ್ಲಿಸಿದ ಸೈಕಲ್ಲಿನ ಗಾಳಿ ಸಂಜೆಗೆ ಇಳಿದಿರುವುದೇಕೆ? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಳೆಯ ಮಾದರಿಯ ಕರಿ ಸೈಕಲ್ಲುಗಳ ವಾಲ್ವಿನೊಳಗೆ ಕಡ್ಡಿಯಷ್ಟು ಸಣ್ಣ ರಬ್ಬರ್ ನಳಿಕೆಯೊಂದಿರುತ್ತದೆ, ಅದೇ ವಾಲ್ ಟ್ಯೂಬು. ಬಿಸಿಲಿಗೆ ಮೊದಲು ಸೊರಗುವುದು ಅದು. ವಾಲ್ವಿನ ಬಾಯಿಗೆ ಬೆರಳಿನಿಂದ ಸ್ವಲ್ಪ ಎಂಜಲು ಹಚ್ಚಿ ನೋಡಿ. ಗುಳ್ಳೆ ಬಂದರೆ ಪಂಕ್ಚರ್ ಆಗಿಯೇ ಇಲ್ಲ, ಎರಡಂಗುಲ ವಾಲ್ ಟ್ಯೂಬು ಚೀಲದಲ್ಲಿದ್ದರೆ ಕೆಲಸ ಮುಗಿಯಿತು.