ಸ್ಟ್ರಾಬೆರಿ ಪಕ್ಕ ರಾಸ್ಪ್‌ಬೆರಿ: ನಡುವೆ ದಾರಿ ಇರಲಿ

ಮನೆ ತೋಟದಲ್ಲಿ ಹಣ್ಣು ಬೆಳೆಯುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಸ್ಟ್ರಾಬೆರಿ, ರಾಸ್ಪ್‌ಬೆರಿ ಎರಡನ್ನೂ ಅಕ್ಕಪಕ್ಕ ಹಾಕಬಹುದಾ? ಹಾಕಬಹುದು. ಆದರೆ ಒಂದೇ ಪಾತಿಯಲ್ಲಿ ಬೇಡ.

ಮೊದಲು ಒಂದು ಅನುಮಾನ ಬಗೆಹರಿಸಿಬಿಡೋಣ. ಎರಡರ ಹೂವಿಗೂ ಅದೇ ಜೇನುನೊಣ ಬರುತ್ತದೆ, ಪರಾಗ ಬೆರೆತು ಹಣ್ಣಿನ ರುಚಿ ಕೆಡುತ್ತದೇನೋ ಅಂತ ಕೆಲವರು ಹೆದರುತ್ತಾರೆ. ಕೆಡುವುದಿಲ್ಲ. ಎರಡೂ ಗುಲಾಬಿ ಕುಟುಂಬದ ಗಿಡಗಳೇ ಆದರೂ ಒಂದು ಫ್ರಗೇರಿಯ, ಇನ್ನೊಂದು ರೂಬಸ್. ತೋಟದಲ್ಲಿ ಇವು ತಾವಾಗಿ ಬೆರಕೆ ಆಗುವುದಿಲ್ಲ. ಜೇನುನೊಣ ಜಾಸ್ತಿ ಬಂದರೆ ಎರಡಕ್ಕೂ ಲಾಭವೇ. ಪರಾಗ ಸರಿಯಾಗಿ ಸಿಗದಿದ್ದರೆ ಸ್ಟ್ರಾಬೆರಿ ಸೊಟ್ಟಗಾಗುತ್ತದೆ, ರಾಸ್ಪ್‌ಬೆರಿ ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುತ್ತದೆ.

ನಿಜವಾದ ತೊಂದರೆ ಇರುವುದು ನೆಲದ ಕೆಳಗೆ. ಸ್ಟ್ರಾಬೆರಿ ಹಬ್ಬುವುದು ಮಣ್ಣಿನ ಮೇಲೆ. ಬಳ್ಳಿ ಚಾಚಿ, ಗಿಣ್ಣಿನಲ್ಲಿ ಬೇರು ಬಿಟ್ಟು ಹೊಸ ಸಸಿ ಮಾಡಿಕೊಳ್ಳುತ್ತದೆ. ಕಣ್ಣಿಗೆ ಕಾಣುತ್ತದೆ, ಬೇಡವಾದರೆ ಕತ್ತರಿಸಿ ಹಾಕಬಹುದು. ರಾಸ್ಪ್‌ಬೆರಿ ಹಾಗಲ್ಲ. ಅದರ ಬೇರಿನಲ್ಲೇ ಮೊಗ್ಗು ಮೂಡಿ, ತಾಯಿಗಿಡದಿಂದ ಒಂದು ಮೀಟರ್ ಆಚೆಗೂ ಕಂದು, ಅಂದರೆ ಮರಿಗಿಡ, ಏಳುತ್ತದೆ. ಅದು ಸ್ಟ್ರಾಬೆರಿ ಬುಡದಲ್ಲೇ ಎದ್ದರೆ ಕೀಳುವುದು ಹೇಗೆ? ಎಳೆದರೆ ಸ್ಟ್ರಾಬೆರಿಯ ಬೇರೂ ಸಡಿಲವಾಗುತ್ತದೆ. ಬಿಟ್ಟರೆ ಎರಡು ವರ್ಷದಲ್ಲಿ ಆ ಪಾತಿ ಪೂರ್ತಿ ರಾಸ್ಪ್‌ಬೆರಿಯದೇ.

ಅದಕ್ಕೇ ನಾನು ಎರಡರ ನಡುವೆ ಒಂದೂವರೆಯಿಂದ ಎರಡು ಮೀಟರ್ ಹುಲ್ಲಿನ ದಾರಿ ಬಿಡಿ ಅನ್ನುತ್ತೇನೆ. ದಾರಿಯಲ್ಲಿ ಎದ್ದ ಕಂದು ಹುಲ್ಲಿನ ಜೊತೆಗೇ ಕತ್ತರಿಸಿ ಹೋಗುತ್ತದೆ, ಬೇರೆ ಕೆಲಸವೇ ಇಲ್ಲ. ಅಷ್ಟು ಜಾಗ ಇಲ್ಲದಿದ್ದರೆ 45ರಿಂದ 60 ಸೆಂಟಿಮೀಟರ್ ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೂತು ತಡೆ ಮಾಡಬಹುದು. ಹಾಳೆಯ ಅಂಚು ಮಣ್ಣಿನ ಮೇಲೆ ಎರಡು ಬೆರಳಾದರೂ ಕಾಣುತ್ತಿರಲಿ, ಇಲ್ಲದಿದ್ದರೆ ಬೇರು ಅದನ್ನು ದಾಟಿಕೊಂಡು ಬರುತ್ತದೆ. ಆದರೂ ನನ್ನ ಮನಸ್ಸು ದಾರಿಯ ಕಡೆಗೇ. ರಾಸ್ಪ್‌ಬೆರಿಯ ಹಣ್ಣು ಬಿಡಿಸಲು, ಕಡ್ಡಿ ಸವರಲು, ತಂತಿಗೆ ಕಟ್ಟಲು ಸುತ್ತ ಓಡಾಡಬೇಕು. ಕಾಲಡಿ ಸ್ಟ್ರಾಬೆರಿ ಇದ್ದರೆ ತುಳಿಯದೆ ಇರುವುದು ಕಷ್ಟ.

ಬಿಸಿಲಿನ ವಿಷಯ ಸುಲಭ. ರಾಸ್ಪ್‌ಬೆರಿ ಆಳೆತ್ತರ ಬೆಳೆಯುತ್ತದೆ, ಸ್ಟ್ರಾಬೆರಿ ಗೇಣುದ್ದ. ಉತ್ತರ ಗೋಳಾರ್ಧದಲ್ಲಿ ಸ್ಟ್ರಾಬೆರಿ ದಕ್ಷಿಣಕ್ಕಿರಲಿ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ. ನೆರಳು ಬಿದ್ದರೆ ಹಣ್ಣು ಸಪ್ಪೆ, ಎಲೆಯ ಮೇಲಿನ ನೀರು ಆರುವುದೂ ತಡ.

ಇನ್ನು ರೋಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವರ್ಟಿಸಿಲಿಯಂ ಅನ್ನುವ ಶಿಲೀಂಧ್ರದಿಂದ ಬರುವ ಸೊರಗು ರೋಗ ಎರಡಕ್ಕೂ ತಗಲುತ್ತದೆ. ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಗಿಡಗಳಿಗೂ ಅದೇ ರೋಗ. ಅದರ ಸಣ್ಣ ಕಪ್ಪು ಗಂಟುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಸುಮ್ನೆ ಬಿದ್ದಿರುತ್ತವೆ, ಒಗ್ಗುವ ಬೇರು ಹತ್ತಿರ ಬಂದಾಗ ಮೊಳೆಯುತ್ತವೆ. ಸ್ಟ್ರಾಬೆರಿಯಲ್ಲಿ ಇದನ್ನು ಗುರುತಿಸಲು ಗಿಡದ ಮುಂದೆ ಕೂತು ನೋಡಿ. ಹೊರಗಿನ ಹಳೆಯ ಎಲೆಗಳ ಅಂಚು ಕಂದಾಗಿ, ಬಾಡಿ, ನೆಲಕ್ಕೆ ಮಲಗಿರುತ್ತವೆ. ನಡುವಿನ ಎಳೆ ಎಲೆಗಳು ಮಾತ್ರ ಗಿಡ್ಡಗಿದ್ದರೂ ಹಸಿರಾಗಿ ನಿಂತಿರುತ್ತವೆ. ನೀರು ಸಾಲದೆ ಬಾಡಿದ ಗಿಡ ಹೀಗೆ ಇಬ್ಭಾಗವಾಗಿ ಕಾಣುವುದಿಲ್ಲ. ರಾಸ್ಪ್‌ಬೆರಿಗಳಲ್ಲಿ ಕಪ್ಪು ಹಣ್ಣಿನವು ಈ ರೋಗಕ್ಕೆ ಬೇಗ ಬೀಳುತ್ತವೆ, ಕೆಂಪಿನವು ಸ್ವಲ್ಪ ತಡೆದುಕೊಳ್ಳುತ್ತವೆ.

ಹಾಗಾಗಿ ಎರಡು ಗಿಡಗಳ ನಡುವೆ ಎಷ್ಟು ಅಂತರ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಆ ಜಾಗದಲ್ಲಿ ಹಿಂದೆ ಏನಿತ್ತು? ಟೊಮೆಟೊ, ಆಲೂಗಡ್ಡೆ ಬೆಳೆದ ಮಣ್ಣಾದರೆ ನಾಲ್ಕೈದು ವರ್ಷವಾದರೂ ಇವೆರಡನ್ನೂ ಅಲ್ಲಿ ಹಾಕಬೇಡಿ. ಬೇರೆ ಜಾಗವೇ ಇಲ್ಲ ಅನ್ನುವವರು ಹೊಸ ಮಣ್ಣು ತುಂಬಿದ ಕುಂಡದಲ್ಲಿ ಸ್ಟ್ರಾಬೆರಿ ಬೆಳೆಸಲಿ, ಚೆನ್ನಾಗಿ ಬರುತ್ತದೆ.

ಗಾಳಿಯಲ್ಲಿ ಹರಡುವ ಬೂದು ಬೂಷ್ಟಿಗೆ ದಾರಿ, ತಡೆ ಯಾವುದೂ ಲೆಕ್ಕಕ್ಕಿಲ್ಲ. ಒಣಗಿದ ಹೂದಳ ಹಣ್ಣಿಗೆ ಅಂಟಿಕೊಂಡ ಜಾಗದಲ್ಲಿ ಮೊದಲು ಮೆತ್ತನೆಯ ಕಂದು ಚುಕ್ಕೆ ಏಳುತ್ತದೆ. ಆಮೇಲೆ ಬೂದು ತುಪ್ಪಳ. ಮುಟ್ಟಿದರೆ ಹೊಗೆಯಂತೆ ಪುಡಿ ಹಾರುತ್ತದೆ, ಅಷ್ಟೂ ರೋಗದ ಬೀಜಕಣ. ಅಂಥ ಹಣ್ಣನ್ನು ಪಾತಿಯಲ್ಲೇ ಬಿಡಬೇಡಿ. ಸ್ಟ್ರಾಬೆರಿ ಕೆಳಗೆ ಒಣಹುಲ್ಲು ಹಾಸಿ, ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹನಿಯಾಗಿ ಬಿಡಿ. ರಾಸ್ಪ್‌ಬೆರಿ ಕಡ್ಡಿಗಳನ್ನು ಗಾಳಿಯಾಡುವಂತೆ ತೆಳುಮಾಡಿ. ಇಷ್ಟರಲ್ಲೇ ಅರ್ಧ ರೋಗ ಹಿಡಿತಕ್ಕೆ ಬರುತ್ತದೆ.

ಡ್ರೊಸೊಫಿಲಾ ಸುಜುಕಿ ಅನ್ನುವ ಸಣ್ಣ ನೊಣ ಇರುವ ಕಡೆ ಇನ್ನೊಂದು ಎಚ್ಚರ ಬೇಕು. ಬೇರೆ ಹಣ್ಣಿನ ನೊಣಗಳು ಕೊಳೆತದ್ದಕ್ಕೆ ಬಂದರೆ, ಇದು ಗರಗಸದಂಥ ಅಂಗದಿಂದ ಇನ್ನೂ ಗಟ್ಟಿ ಇರುವ ಹಣ್ಣಿನ ಸಿಪ್ಪೆ ಕೊಯ್ದು ಒಳಗೆ ಮೊಟ್ಟೆ ಇಡುತ್ತದೆ. ತಡವಾಗಿ ಕಾಯುವ ಸ್ಟ್ರಾಬೆರಿ, ಅದೇ ಹೊತ್ತಿಗೆ ಹಣ್ಣಾಗುವ ರಾಸ್ಪ್‌ಬೆರಿ ಜೊತೆಗಿದ್ದರೆ ಅದಕ್ಕೆ ಒಂದಾದ ಮೇಲೊಂದು ಊಟ ಸಿಗುತ್ತಲೇ ಇರುತ್ತದೆ. ಅನುಮಾನ ಬಂದರೆ ನಾಲ್ಕು ಹಣ್ಣನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿಡಿ. ಹುಳು ಇದ್ದರೆ ಹೊರಗೆ ಬರುತ್ತದೆ. ಹಣ್ಣಾದದ್ದನ್ನು ದಿನಾ, ಆಗದಿದ್ದರೆ ದಿನ ಬಿಟ್ಟು ದಿನ ಬಿಡಿಸಿ, ತಕ್ಷಣ ಫ್ರಿಜ್‌ನಲ್ಲಿಡಿ. ಮಾಗಿ ಉದುರಿದ್ದನ್ನೂ ಆರಿಸಿ ತೆಗೆಯಿರಿ.

ಮಣ್ಣಿನ ರುಚಿ ಎರಡಕ್ಕೂ ಒಂದೇ. ಸ್ವಲ್ಪ ಹುಳಿ, ರಸಸಾರ ಸುಮಾರು 5.5ರಿಂದ 6.5. ನೀರು ನಿಲ್ಲಬಾರದು. ರಾಸ್ಪ್‌ಬೆರಿ ಬೇರು ನಿಂತ ನೀರಿನಲ್ಲಿ ಬೇಗ ಕೊಳೆಯುತ್ತದೆ, ಜಾಗದಲ್ಲಿ ಏರುತಗ್ಗಿದ್ದರೆ ಅದಕ್ಕೇ ಎತ್ತರದ ಭಾಗ ಕೊಡಿ. ಗೊಬ್ಬರದ ಹೊತ್ತು ಮಾತ್ರ ಬೇರೆ. ರಾಸ್ಪ್‌ಬೆರಿಗೆ ಚಿಗುರುವ ಮುಂಚೆ ಕೊಡುತ್ತೇವೆ. ವರ್ಷಕ್ಕೊಮ್ಮೆ ಹಣ್ಣು ಬಿಡುವ ಸ್ಟ್ರಾಬೆರಿಗೆ ಕೊಯ್ಲು ಮುಗಿದ ಮೇಲೆ. ಅದಕ್ಕೂ ಚಿಗುರುವಾಗಲೇ ಸಾರಜನಕ ಸುರಿದರೆ ಎಲೆ ದಟ್ಟವಾಗುತ್ತದೆ, ಹಣ್ಣು ಮೆತ್ತಗಾಗುತ್ತದೆ, ಬೂಷ್ಟು ಜಾಸ್ತಿ. ಪಾತಿ ಬೇರೆ ಇರಬೇಕು ಅನ್ನಲು ಇದೂ ಒಂದು ಕಾರಣ.

ಗಿಡಗಳ ಆಯಸ್ಸೂ ಬೇರೆ. ರಾಸ್ಪ್‌ಬೆರಿ ಒಂದೇ ಜಾಗದಲ್ಲಿ ಹತ್ತು ವರ್ಷ ದಾಟಿಯೂ ಫಲ ಕೊಡುತ್ತದೆ. ಸ್ಟ್ರಾಬೆರಿಯನ್ನು ಮೂರು ನಾಲ್ಕು ವರ್ಷಕ್ಕೆ ಬದಲಿಸಬೇಕು. ಆಗ ಖಾಲಿಯಾದ ಪಾತಿಗೆ ರಾಸ್ಪ್‌ಬೆರಿಯನ್ನು ಹಬ್ಬಿಸಬೇಡಿ, ಅಲ್ಲಿ ಹುರುಳಿಕಾಯಿ, ಈರುಳ್ಳಿ, ಸೊಪ್ಪು ಹಾಕಿ. ಹೊಸ ಸ್ಟ್ರಾಬೆರಿಗೆ ಬೇರೆ ಪಾತಿ, ಬೇರೆ ಸಸಿ. ಹಳೆಯ ಗಿಡದ ಬಳ್ಳಿಯಿಂದಲೇ ಸಸಿ ಮಾಡಿಕೊಂಡರೆ ಅದರಲ್ಲಿದ್ದ ನಂಜುರೋಗವೂ ಜೊತೆಗೆ ಬರುತ್ತದೆ. ನಂಬಿಕೆಯ ನರ್ಸರಿಯಿಂದ ರೋಗವಿಲ್ಲದ ಸಸಿ ತನ್ನಿ.