ಹುಣ್ಣೇನೋ ಮಾಯ್ತು, ಆಮೇಲೆ?

"ಅಲ್ಲೊಂದು ಹುಣ್ಣಾಗಿತ್ತು ಸಾರ್. ಆಯಿಂಟ್‌ಮೆಂಟ್ ಹಚ್ಚಿದೆ, ಹೋಯ್ತು." ಚರ್ಮ ಮತ್ತು ಗುಪ್ತರೋಗದ ವೈದ್ಯನಾಗಿ ನಾನು ಆಗಾಗ ಕೇಳುವ ಮಾತಿದು. ಬಂದಿರುವುದು ಅಂಗೈಯಲ್ಲಿ ಎದ್ದ ಕಲೆ ತೋರಿಸಲು. ಬಾಗಿಲು ಮುಚ್ಚಿದ ಮೇಲೆ ನಿಧಾನಕ್ಕೆ ಬಾಯಿ ಬಿಡುತ್ತಾರೆ: "ಒಂದ್ಸಲ ದುಡ್ಡು ಕೊಟ್ಟು ಒಬ್ಬಳ ಹತ್ರ ಹೋಗಿದ್ದೆ."

ಇಂಥ ಹುಣ್ಣು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ್ದಿರಬಹುದು. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಏನೂ ಹಚ್ಚದಿದ್ದರೂ ಮೂರರಿಂದ ಆರು ವಾರದಲ್ಲಿ ಮಾಯುತ್ತದೆ. ಹೆಸರು ಮಾತ್ರ ಆಯಿಂಟ್‌ಮೆಂಟಿಗೆ! ರೋಗ ಮೈಯೊಳಗೇ ಉಳಿದಿರುತ್ತದೆ; ಅಂಗೈಯ ಕಲೆ ಅದರದ್ದೇ ಗುರುತಾಗಿರಬಹುದು. ಹೆಂಡತಿಗೆ ದಾಟಬಹುದು, ಆಕೆ ಬಸುರಿಯಾದರೆ ಮಗುವಿಗೂ. ಶುರುವಿನಲ್ಲೇ ರಕ್ತಪರೀಕ್ಷೆ ಮಾಡಿಸಿದರೆ ಪೆನಿಸಿಲಿನ್‌ನ ಒಂದು ಡೋಸ್ ಸಾಕು. ಉರಿಮೂತ್ರ, ಕೀವು ಅಂತ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ಕೇಳಿ ತಿನ್ನುವುದೂ ಇಂಥದ್ದೇ ಎಡವಟ್ಟು.

"ನೋಡೋಕೆ ಆರೋಗ್ಯವಾಗೇ ಇದ್ಲು" ಅನ್ನುತ್ತಾರೆ. ಕಣ್ಣಿಗೆ ಕಾಣುವಂತಿದ್ದರೆ ಲ್ಯಾಬ್ ಯಾಕೆ ಬೇಕಿತ್ತು? ಇನ್ನೊಂದು ವಿಷಯ. ಕಾಂಡೋಮ್ ಬೇಡ ಅಂತ ಜಾಸ್ತಿ ದುಡ್ಡು ಕೊಡಲು ಮುಂದಾಗುವವನು ಎಷ್ಟೋ ಸಲ ಗಿರಾಕಿಯೇ. ಆಮೇಲೆ ತಪ್ಪೆಲ್ಲ ಆಕೆಯ ತಲೆಗೆ. ಕಾಂಡೋಮ್ ಬಳಸುವವರೂ ಕೆಲವರು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಎಣ್ಣೆ ತಗುಲಿದರೆ ಲ್ಯಾಟೆಕ್ಸ್ ಬಲ ಕಳೆದುಕೊಂಡು ಹರಿಯುತ್ತದೆ. ನೀರಿನಂಶದ ಜೆಲ್ ಬಳಸಿ. ತಿಂಗಳುಗಟ್ಟಲೆ ಪರ್ಸಿನಲ್ಲಿ ಬಿಸಿ ತಿಂದ ಪ್ಯಾಕೆಟನ್ನೂ ನಂಬಬೇಡಿ. ಬಾಯಿಯಿಂದ ಮಾಡಿದರೆ ಏನೂ ಅಂಟಲ್ಲ ಅನ್ನುವುದೂ ಸುಳ್ಳು. ಸಿಫಿಲಿಸ್, ಉರಿಮೂತ್ರ-ಕೀವು ತರುವ ಗೊನೋರಿಯಾ ಎರಡೂ ಹಾಗೆ ಹರಡುತ್ತವೆ.

ಕಾಂಡೋಮ್ ಹರಿಯಿತು, ಅಥವಾ ಹಾಕಿರಲೇ ಇಲ್ಲ. ಆಗ ಡೆಟಾಲ್‌ನಲ್ಲಿ ತೊಳೆಯುತ್ತಾ ಕೂರಬೇಡಿ. ಎಚ್‌ಐವಿ ಅಂಟದಂತೆ ತಡೆಯುವ ಪೆಪ್ ಮಾತ್ರೆ ಇದೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. 28 ದಿನ ಬಿಡದೆ ನುಂಗಬೇಕು. ಅಗತ್ಯವಿದೆಯೇ ಎಂದು ವೈದ್ಯರು ನೋಡಿ ಹೇಳುತ್ತಾರೆ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರವಿರುವ ಆಸ್ಪತ್ರೆಗೆ ಆವತ್ತೇ ಹೋಗಿ. ಎಲ್ಲಿ ಅಂತ ಗೊತ್ತಿಲ್ಲದಿದ್ದರೆ 1097 ಸಹಾಯವಾಣಿಗೆ ಫೋನ್ ಮಾಡಿ, ದುಡ್ಡು ಖರ್ಚಾಗಲ್ಲ.

ಮಾರನೇ ದಿನವೇ ಎಚ್‌ಐವಿ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತು ಅಂತ ಸಿಹಿ ಹಂಚುವವರಿದ್ದಾರೆ. ಅಷ್ಟು ಬೇಗ ಏನೂ ಗೊತ್ತಾಗದು. ಮೂರು ತಿಂಗಳಿಗೆ ಮತ್ತೆ ಮಾಡಿಸಬೇಕು. ಸರ್ಕಾರಿ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಇದು ಉಚಿತ. ಫಲಿತಾಂಶ ಗುಟ್ಟಾಗಿಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಅಲ್ಲಿಯವರೆಗೆ ಮನೆಯಲ್ಲೂ ಕಾಂಡೋಮ್ ಬೇಕು ಅಂದಾಗ ಮುಖ ಬಾಡುತ್ತದೆ. "ಅವಳಿಗೆ ಏನಂತ ಹೇಳ್ಲಿ ಸಾರ್?" ಆ ಮಾತಿಗೆ ನನ್ನಲ್ಲಿ ಮಾತ್ರೆಯಿಲ್ಲ. ಇಬ್ಬರೂ ಬನ್ನಿ, ಜೊತೆಗೆ ಕೂತು ಹೇಳೋಣ ಅನ್ನುತ್ತೇನೆ. ಕೆಲವರು ಬರುತ್ತಾರೆ. ಕೆಲವರು ಕೊಟ್ಟು ಹೋದ ನಂಬರ್ ಸ್ವಿಚ್ ಆಫ್ ಆಗಿರುತ್ತದೆ.